ನಲ್ಲಿಮಾವನ ನಾಲ್ಕು ಕುರ್ಚಿಗಳು

ಆರು ವರ್ಷ ಅವಳು ಒಬ್ಬಳೇ ಕೆಲಸ ಮಾಡಿದಳು, ಆದರೆ ಒಂದು ದಿನವೂ ‘ನಾನು’ ಎಂದು ಬರೆಯಲಿಲ್ಲ. ‘ನಾವು ನಿಮ್ಮ ಬೇಡಿಕೆಯನ್ನು ಪರಿಶೀಲಿಸಿದ್ದೇವೆ.’ ‘ನಮ್ಮ ವಿನ್ಯಾಸ ವಿಭಾಗ ಇದನ್ನು ನೋಡುತ್ತಿದೆ.’ ‘ನಮ್ಮ ಜಾಹೀರಾತು ತಂಡದವರು ನಾಳೆ ತಿಳಿಸುತ್ತಾರೆ.’ ವಿಭಾಗವೂ ಅವಳೇ, ತಂಡವೂ ಅವಳೇ, ನಾಳೆ ತಿಳಿಸುವವರೂ ಅವಳೇ. ಮನೆಯಲ್ಲಿ ಆ ಹೊತ್ತಿಗೆ ಅವಳ ಜೊತೆಗೆ ಸದ್ದು ಮಾಡುತ್ತಿದ್ದದ್ದು ಬಟ್ಟೆ ಒಗೆಯುವ ಯಂತ್ರವೊಂದೇ.

ಚಿಕ್ಕಂದಿನಲ್ಲಿ ಮನೆಯವರು ಅವಳನ್ನು ಜಗಮೊಂಡಿ ಎಂದು ಕರೆಯುತ್ತಿದ್ದರು. ಕರೆದೂ ಕರೆದೂ ಆ ಹೆಸರು ಸವೆದು ಮೊಂಡಿ ಎಂದಷ್ಟೇ ಉಳಿದಿತ್ತು. ಇದ್ದ ನೌಕರಿಗೆ ನಮಸ್ಕಾರ ಹೇಳಿ, ಅಂಗಡಿಯವರಿಗೆ, ಕಾರ್ಖಾನೆಯವರಿಗೆ ಇಂಟರ್ನೆಟ್ಟಿನಲ್ಲಿ ಪ್ರಚಾರ ಮಾಡಿಕೊಡುತ್ತೇನೆ ಎಂದು ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತ ದಿನ ಆ ಹೆಸರು ಮತ್ತೆ ಹೊಸದಾಯಿತು. ಅವಳ ಅಣ್ಣ ಫೋನು ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು. “ಏನಮ್ಮಾ, ನಿನ್ನ ಕಂಪನಿಯೋರೆಲ್ಲಾ ಊಟ ಮಾಡಿದ್ರಾ?”

“ಮಾಡಿದ್ರು. ಪಾತ್ರೆ ತೊಳೆಯೋ ವಿಭಾಗಕ್ಕೆ ಒಬ್ಬರು ಬೇಕಾಗಿದ್ದಾರೆ, ಬರ್ತೀಯಾ?” ಎಂದು ಇವಳು ತಿರುಗಿಸಿ ಕೊಡುತ್ತಿದ್ದಳು.

ಆದರೆ ಅವಳ ಮಟ್ಟಿಗೆ ಆ ‘ನಾವು’ ಬರೀ ಬೂಟಾಟಿಕೆಯಾಗಿರಲಿಲ್ಲ. ಮೇಜಿಗೆ ನಾಲ್ಕು ಕುರ್ಚಿಗಳಿದ್ದವು. ಚಿತ್ರ, ಪೋಸ್ಟರು ಮಾಡುವಾಗ ಅವಳು ಕಿಟಕಿ ಕಡೆಯ ಕುರ್ಚಿಯಲ್ಲಿ ಕೂರುತ್ತಿದ್ದಳು. ಜಾಹೀರಾತು ಯಾರ ಕಣ್ಣಿಗೆ ಬೀಳಬೇಕು, ಯಾವ ಹೊತ್ತಿಗೆ ಬೀಳಬೇಕು ಎಂದು ಗೊತ್ತು ಮಾಡುವ ಕೆಲಸಕ್ಕೆ ಗೋಡೆ ಕಡೆಯ ಕುರ್ಚಿ. ಗಿರಾಕಿಗಳ ಪುಟಗಳಲ್ಲಿ ಜನ ಬರೆಯುವ ಹೊಗಳಿಕೆಗೂ ಬೈಗುಳಕ್ಕೂ ಉತ್ತರ ಕೊಡಲು ಬಾಗಿಲ ಕಡೆಯ ಕುರ್ಚಿ. ನಾಲ್ಕನೆಯದರ ಒಂದು ಕಾಲು ಗಿಡ್ಡ, ಕೂತರೆ ಟಕ್ ಎಂದು ಒಂದು ಕಡೆಗೆ ವಾಲುತ್ತಿತ್ತು. ದಿನಕ್ಕೆ ಐದು ನಿಮಿಷ ಅದರಲ್ಲಿ ಕೂತು, ಬೆನ್ನು ನೆಟ್ಟಗೆ ಮಾಡಿಕೊಂಡು, ‘ನಮ್ಮ ತಂಡದ ಪರವಾಗಿ’ ಎಂದು ಪತ್ರಗಳನ್ನು ಬರೆಯುತ್ತಿದ್ದಳು. ಅದು ಒಡತಿಯ ಕುರ್ಚಿ. ಒಂದು ಕುರ್ಚಿಯ ಕೆಲಸವನ್ನು ಇನ್ನೊಂದರಲ್ಲಿ ಕೂತು ಮಾಡಲು ಹೋದರೆ ಅವಳಿಗೆ ಕೈಯೇ ಓಡುತ್ತಿರಲಿಲ್ಲ. ನಗುವವರು ನಗಲಿ. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಇರುವ ದೊಡ್ಡ ದೊಡ್ಡ ಕಂಪನಿಗಳೂ ಕುರ್ಚಿಗಳ ಆಟವೇ ಅಲ್ಲವೇ.

ನಲ್ಲಿಮಾವ ಹುಟ್ಟಿದ್ದು ಬಾಗಿಲ ಕಡೆಯ ಕುರ್ಚಿಯಲ್ಲಿ. ಅವಳ ಮೊದಲ ಗಿರಾಕಿ ನಲ್ಲಿಗಳನ್ನು ಮಾಡುವ ಕಾರ್ಖಾನೆಯ ಯಜಮಾನರು. ಅಡುಗೆಮನೆಗೆ, ಬಚ್ಚಲಿಗೆ, ಕೈತೋಟಕ್ಕೆ ಬೇಕಾದ ನಲ್ಲಿಗಳು. ನಲ್ಲಿಯ ಬಗ್ಗೆ ಯಾರಾದರೂ ಇಂಟರ್ನೆಟ್ಟಿನಲ್ಲಿ ಏನು ಓದುತ್ತಾರೆ? ಸೋರಿದಾಗ ಬೈಯಲು ಬರುತ್ತಾರೆ, ಅಷ್ಟೇ. ಹಾಗೆ ಬೈಯಲು ಬಂದವರಿಗೆ ಉತ್ತರ ಕೊಡಲು ಅವಳು ಒಬ್ಬ ಮಾವನನ್ನು ಹುಟ್ಟಿಸಿದಳು. ಕೈಯಲ್ಲಿ ಸ್ಪ್ಯಾನರು ಹಿಡಿದ, ಯಾರ ಮೇಲೂ ರೇಗದ, ಸ್ವಲ್ಪ ಕೊಂಕು ಮಾತಿನ ಮಾವ. ಎರಡು ವರ್ಷದಲ್ಲಿ ಜನ ನಲ್ಲಿ ಸೋರದಿದ್ದರೂ ಮಾವನನ್ನು ಮಾತಾಡಿಸಲು ಬರತೊಡಗಿದರು. ಮದುವೆ ಗೊತ್ತಾದ ಹುಡುಗಿಯೊಬ್ಬಳು ‘ಮಾವ, ಹೊಸ ಮನೆಗೆ ಯಾವ ನಲ್ಲಿ?’ ಎಂದು ಕೇಳಿದಳು. ಮಾವ ‘ಮೊದಲು ಗಂಡನಿಗೆ ವಾಷರ್ ಬದಲಾಯಿಸಲು ಬರುತ್ತಾ ಕೇಳು’ ಎಂದ. ಅದನ್ನು ಸಾವಿರಾರು ಜನ ಹಂಚಿಕೊಂಡರು. ಯಜಮಾನರು ಫೋನು ಮಾಡಿ ಎರಡು ನಿಮಿಷ ಬರೀ ನಕ್ಕರು.

ಹೆಸರು ಬಂತು, ಗಿರಾಕಿಗಳು ಹನ್ನೊಂದಾದರು. ಒಂದು ಮಧ್ಯಾಹ್ನ ಕುರ್ಚಿಯಿಂದ ಕುರ್ಚಿಗೆ ಹಾರುವ ಗಡಿಬಿಡಿಯಲ್ಲಿ ಅವಳು ನಲ್ಲಿಯ ಜಾಹೀರಾತನ್ನು ಹಲ್ಲಿನ ಡಾಕ್ಟರರ ಪುಟಕ್ಕೆ ಹಾಕಿಬಿಟ್ಟಳು. ‘ಎಲ್ಲಿಂದಲಾದರೂ ಸೋರುತ್ತಿದೆಯೇ? ಬಿಗಿ ಮಾಡಿಕೊಡುತ್ತೇವೆ!’ ಡಾಕ್ಟರರು ಅರ್ಧ ಗಂಟೆಯೊಳಗೆ ಕೆಲಸ ವಾಪಸು ತೆಗೆದುಕೊಂಡರು. ಅವತ್ತು ಅವಳು ನಾಲ್ಕನೆಯ ಕುರ್ಚಿಯಲ್ಲಿ ಐದು ನಿಮಿಷದ ಬದಲು ಒಂದು ಗಂಟೆ ಕೂತು ನಿಶ್ಚಯ ಮಾಡಿದಳು: ಇಷ್ಟು ವರ್ಷ ಸುಳ್ಳು ಹೇಳಿದ್ದು ಸಾಕು, ಇನ್ನು ಈ ಸುಳ್ಳನ್ನು ನಿಜ ಮಾಡುತ್ತೇನೆ.

ಹೊಲಿಗೆ ಅಂಗಡಿಯೊಂದರ ಮಹಡಿಯ ಮೇಲೆ ಒಂದು ಕೋಣೆ ಸಿಕ್ಕಿತು. ಕೆಳಗೆ ಮಿಷನ್ನುಗಳ ಕಟಕಟ, ಮೇಲೆ ಒಂದು ಫ್ಯಾನು, ಎರಡು ಕಿಟಕಿ. ಹೊಸ ಮೇಜು ಕೊಳ್ಳು ಎಂದು ಎಲ್ಲರೂ ಹೇಳಿದರು. ಅವಳು ಕೇಳಲಿಲ್ಲ, ಊಟದ ಮೇಜನ್ನೇ ನಾಲ್ಕೂ ಕುರ್ಚಿಗಳ ಸಮೇತ ಸಾಗಿಸಿಕೊಂಡು ಬಂದಳು. ಕಿಟಕಿ ಕಡೆಯ ಕುರ್ಚಿಗೆ ಡಿಸೈನರ್ ಬಂದಳು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡುವವಳು, ಆದರೆ ಕೈಯಲ್ಲಿ ಬಣ್ಣಗಳು ಹೇಳಿದ ಮಾತು ಕೇಳುತ್ತಿದ್ದವು. ಗೋಡೆ ಕಡೆಗೆ ಜಾಹೀರಾತಿನವನು ಬಂದ. ದೊಡ್ಡ ಕಂಪನಿಯೊಂದರಲ್ಲಿ ಹನ್ನೆರಡು ವರ್ಷ ಸವೆಸಿದ ಮಿತಭಾಷಿ. ಬಾಗಿಲ ಕಡೆಯ ಕುರ್ಚಿಗೆ ಚಿಕ್ಕಮ್ಮ ಬಂದಳು.

ಚಿಕ್ಕಮ್ಮನ ವಿಷಯದಲ್ಲಿ ಮನೆಯವರೆಲ್ಲ ತಲೆ ಚಚ್ಚಿಕೊಂಡರು. ಅವಳಿಗೆ ಅರವತ್ತೊಂದು ವರ್ಷ. ನೀರು ಸರಬರಾಜು ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ದೂರಿನ ಫೋನು ಎತ್ತಿ ನಿವೃತ್ತಳಾದವಳು. ಕಂಪ್ಯೂಟರಿನಲ್ಲಿ ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಾಳೆ, ಅದಕ್ಕೂ ಮೊದಲು ಎಲ್ಲವನ್ನೂ ನೋಟುಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಾಳೆ. ಒಂದು ದಿನ ಮೊಂಡಿ ಉತ್ತರ ಬರೆಯುವುದನ್ನು ಬೆನ್ನ ಹಿಂದೆ ನಿಂತು ನೋಡಿ, “ಸಿಟ್ಟಲ್ಲಿ ಇರೋರ ಹತ್ರ ಇಷ್ಟುದ್ದ ಮಾತಾಡಿದ್ರೆ ಅವರು ಫೋನ್ ಕುಕ್ಕಲ್ವೇನೇ?” ಎಂದಿದ್ದಳು. ಆ ಒಂದು ಮಾತಿಗೆ ಮೊಂಡಿ ಅವಳನ್ನು ಕೆಲಸಕ್ಕೆ ಕರೆದಳು. ಅಣ್ಣ “ಕಂಪನಿನೋ ಛತ್ರನೋ?” ಎಂದ. ಇವಳು ಜಗ್ಗಲಿಲ್ಲ.

ಅಲ್ಲಿಗೆ ಎಲ್ಲ ಸರಿಹೋಗಬೇಕಿತ್ತು. ಹೋಗಲಿಲ್ಲ. ಈಗ ಅವಳಿಗೆ ಉಳಿದದ್ದು ಗಿಡ್ಡ ಕಾಲಿನ ಕುರ್ಚಿ ಮಾತ್ರ. ಐದು ನಿಮಿಷ ಕೂತು ಗೊತ್ತಿದ್ದ ಕುರ್ಚಿಯಲ್ಲಿ ದಿನವಿಡೀ ಕೂರುವುದು ಅವಳಿಗೆ ಮುಳ್ಳಿನ ಮೇಲೆ ಕೂತ ಹಾಗಾಯಿತು. ಕಣ್ಣೆದುರಿಗೆ ಬೇರೆಯವರ ಕೈಗಳು ಅವಳ ಕೆಲಸ ಮಾಡುತ್ತಿದ್ದವು. ಡಿಸೈನರ್ ಊಟಕ್ಕೆ ಎದ್ದರೆ ಸಾಕು, ಇವಳು ಕಿಟಕಿ ಕಡೆಗೆ ಜಾರಿ ನೀಲಿಯನ್ನು ಇನ್ನಷ್ಟು ನೀಲಿ ಮಾಡಿ ಬರುತ್ತಿದ್ದಳು. ಚಿಕ್ಕಮ್ಮ ಉತ್ತರ ಹಾಕಿ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ, ಇವಳು ತನ್ನ ಫೋನಿನಿಂದಲೇ ಆ ಉತ್ತರವನ್ನು ತೆರೆದು, ತಿದ್ದಿ, ಮೆರುಗು ಕೊಟ್ಟು ಮುಚ್ಚುತ್ತಿದ್ದಳು. ನಲ್ಲಿಮಾವ ನನ್ನ ಕೂಸು, ಬೇರೆಯವರ ಮಡಿಲಲ್ಲಿ ಹೇಗೆ ಬಿಡಲಿ ಎನ್ನುವುದು ಅವಳ ಹೊಟ್ಟೆಯೊಳಗಿನ ಮಾತು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ತನಗೇ ಕೂಡ.

ತಿದ್ದಿದ ಉತ್ತರದ ಕೆಳಗೆ ‘ತಿದ್ದಲಾಗಿದೆ’ ಎಂದು ಸಣ್ಣ ಅಕ್ಷರಗಳಲ್ಲಿ ಬರುತ್ತದೆ. ಅದನ್ನು ಒತ್ತಿದರೆ ಮೊದಲು ಏನಿತ್ತು ಎಂಬುದೂ ಕಾಣುತ್ತದೆ. ಈ ಕಸುಬಿನಲ್ಲೇ ಅನ್ನ ತಿನ್ನುವವಳು, ಹನ್ನೊಂದು ಗಿರಾಕಿಗಳಿಗೆ ಇದೇ ಪಾಠ ಹೇಳಿದವಳು, ಅದನ್ನು ಮರೆತಳು.

ಒಬ್ಬ ಹೆಂಗಸು ಪುಟದಲ್ಲಿ ಬರೆದಿದ್ದಳು: ‘ನಿಮ್ಮ ನಲ್ಲಿ ಹಾಕಿಸಿ ಮೂರು ತಿಂಗಳೂ ಆಗಿಲ್ಲ. ಬೆಳಗ್ಗೆಯಿಂದ ಸೋರುತ್ತಿದೆ. ನಾಚಿಕೆ ಆಗಲ್ವಾ?’

ಚಿಕ್ಕಮ್ಮ ಉತ್ತರ ಕೊಟ್ಟಳು: ‘ಆಗುತ್ತೆ. ಕೆಳಗೆ ಬಕೆಟ್ ಇಟ್ಟಿದ್ದೀರಾ? ಮೊದಲು ಇಟ್ಟು ಬನ್ನಿ. ನಾನು ಇಲ್ಲೇ ಇರ್ತೀನಿ.’

ಮೊಂಡಿಗೆ ಅದು ತೀರಾ ಬೋಳು ಬೋಳಾಗಿ ಕಂಡಿತು. ಕೈ ತುರಿಸಿತು. ತಿದ್ದಿದಳು: ‘ನಾಚಿಕೆಯಿಂದ ನಲ್ಲಿಗಿಂತ ಮೊದಲು ನಾನೇ ನೀರಾಗಿಬಿಟ್ಟೆ! ನಿಮ್ಮ ನಲ್ಲಿಯ ಕಣ್ಣೀರು ಒರೆಸಲು ನಮ್ಮ ತಂಡ ಸದಾ ಸಿದ್ಧ. ಮಾದರಿಯ ಸಂಖ್ಯೆ ಕಳಿಸಿ.’

ಹತ್ತು ನಿಮಿಷದ ಮೇಲೆ ಆ ಹೆಂಗಸು ಎರಡೂ ಉತ್ತರಗಳ ಚಿತ್ರವನ್ನು ಅಕ್ಕಪಕ್ಕ ಅಂಟಿಸಿ ಹಾಕಿದಳು. ಅದರ ಮೇಲೆ ಬರೆದಿದ್ದಳು: ‘ಮಾವ, ಮೊದಲು ಹೇಳಿದ್ದೇ ಚೆನ್ನಾಗಿತ್ತು. ನಾನು ಬಕೆಟ್ ಇಟ್ಟು ಬರೋಷ್ಟರಲ್ಲಿ ನೀವು ಬೇರೆ ಯಾರೋ ಆಗಿಬಿಟ್ರಿ. ಇಲ್ಲೇ ಇರ್ತೀನಿ ಅಂದಿದ್ರಲ್ಲ?’

ಸಂಜೆಯೊಳಗೆ ಆ ಚಿತ್ರ ಎಲ್ಲೆಲ್ಲೂ ಓಡಾಡಿತು. ‘ನಲ್ಲಿಮಾವ ಇಬ್ಬರಿದ್ದಾರಂತೆ’ ಎಂದು ಜನ ಆಡಿಕೊಂಡು ನಕ್ಕರು.

ಮಹಡಿಯ ಕೋಣೆಯಲ್ಲಿ ಯಾರೂ ನಗಲಿಲ್ಲ. ಚಿಕ್ಕಮ್ಮ ನೋಟುಪುಸ್ತಕವನ್ನು ಹಿಂದಕ್ಕೆ ಮಗುಚುತ್ತಾ, ಹಳೆಯ ಉತ್ತರಗಳನ್ನು ಒಂದೊಂದಾಗಿ ಪುಟದಲ್ಲಿ ಹುಡುಕಿ ನೋಡಿದಳು. ನಲವತ್ತಮೂರು ಉತ್ತರಗಳು, ನಲವತ್ತಮೂರರ ಕೆಳಗೂ ಆ ಸಣ್ಣ ಅಕ್ಷರಗಳು. ಪೆನ್ಸಿಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು.

ಮೊದಲು ಬಾಯಿಬಿಟ್ಟದ್ದು ಡಿಸೈನರ್. “ನನ್ನ ನೀಲಿ ನಾನು ಬಿಟ್ಟ ಹಾಗೆ ಯಾಕಿರಲ್ಲ ಅಂತ ಒಂದು ತಿಂಗಳಿಂದ ಯೋಚನೆ ಮಾಡ್ತಿದ್ದೆ. ನನ್ನ ಕಣ್ಣೇ ಕೆಟ್ಟಿದೆ ಅಂತ ಕನ್ನಡಕದ ಅಂಗಡಿಗೂ ಹೋಗಿ ಬಂದೆ!”

“ಕೆಲಸ ಚೆನ್ನಾಗಿ ಬರ್ಲಿ ಅಂತ...” ಎಂದು ಮೊಂಡಿ ಬಾಯಿ ತೆರೆದಳು.

“ಆರು ವರ್ಷ ಒಬ್ಬರೇ ನಾಲ್ಕು ಜನರ ವೇಷ ಹಾಕಿದ್ರಿ. ಈಗ ಮೂರು ಜನ ಬಂದು ಕೂತಿದ್ದೀವಿ, ನೀವು ವೇಷ ಕಳಚ್ತಾ ಇಲ್ಲ. ನಾವು ಯಾಕೆ ಬೇಕು ನಿಮಗೆ? ಕುರ್ಚಿ ಬಿಸಿಯಾಗಿರ್ಲಿ ಅಂತಾನಾ?”

ಜಾಹೀರಾತಿನವನು ತಲೆ ಎತ್ತದೆ, “ನಂದನ್ನೂ ಎರಡು ಸಲ ಬದಲಾಯಿಸಿದ್ರು,” ಎಂದ. ಅವನ ಪಾಲಿಗೆ ಅದು ಭಾಷಣ.

ಮೊಂಡಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಫೋನು ಬಂತು. ನಲ್ಲಿ ಕಾರ್ಖಾನೆಯ ಯಜಮಾನರು.

“ನಲ್ಲಿಮಾವ ಇಬ್ಬರಾಗಿದ್ದಾರಂತೆ. ನಾಳೆ ಹತ್ತು ಗಂಟೆಗೆ ಬಾ. ಒಬ್ಬಳೇ ಬಾ.” ಅಷ್ಟು ಹೇಳಿ ಇಟ್ಟರು.

ಕೋಣೆಗೆ ಬರುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದು ಕಾರ್ಖಾನೆಯದು. ಅದು ಕೈಬಿಟ್ಟರೆ ಈ ಮೇಜು ಮತ್ತೆ ಊಟದ ಮೇಜಾಗುತ್ತದೆ ಎಂದು ನಾಲ್ವರಿಗೂ ಗೊತ್ತಿತ್ತು. ಮೊಂಡಿ ಚೀಲ ಎತ್ತಿಕೊಂಡಳು, ಇಳಿಸಿದಳು, ಮತ್ತೆ ಎತ್ತಿಕೊಂಡಳು. ಕೊನೆಗೆ, “ತಪ್ಪಾಯ್ತು,” ಎಂದಳು. ಮೂವರ ಕಡೆಗೂ ನೋಡಿ ಹೇಳಿದಳು. ಚಿಕ್ಕಂದಿನಿಂದ ಆ ಮಾತನ್ನು ಅವಳ ಬಾಯಿಂದ ಹೊರಡಿಸಲು ಅಮ್ಮ ಸ್ಕೇಲು ಮುರಿದದ್ದುಂಟು, ಆಗಲೂ ಹೊರಟಿರಲಿಲ್ಲ.

ಚಿಕ್ಕಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. “ನಾಳೆ ನಾನೂ ಬರ್ತೀನಿ.”

“ಒಬ್ಬಳೇ ಬಾ ಅಂದಿದ್ದಾರೆ.”

“ಅವರು ಅಂದ್ರೆ ಆಯ್ತಾ? ಮೂವತ್ತೊಂದು ವರ್ಷ ಬರೀ ಫೋನಲ್ಲಿ ಬೈಸ್ಕೊಂಡಿದ್ದೀನಿ. ಬೈಯೋರ ಮುಖ ಹೇಗಿರುತ್ತೆ ಅಂತ ಒಂದು ಸಲವಾದ್ರೂ ನೋಡ್ಬೇಕು.”

ಯಜಮಾನರ ಕೋಣೆಯ ಮೂರು ಗೋಡೆಗಳ ತುಂಬಾ ನಲ್ಲಿಗಳೇ. ನೂರಾರು ನಲ್ಲಿಗಳು ಸಾಲಾಗಿ, ಫಳಫಳ ಹೊಳೆಯುತ್ತಾ, ಯಾವುದಕ್ಕೂ ಹಿಂದೆ ಕೊಳಾಯಿ ಇಲ್ಲ, ಒಂದರಿಂದಲೂ ಎಂದೂ ಒಂದು ಹನಿ ಬಿದ್ದಿಲ್ಲ. ಯಜಮಾನರು ಸಣಕಲು ದೇಹದ, ದಪ್ಪ ಹುಬ್ಬಿನ ಮನುಷ್ಯ. ಚಿಕ್ಕಮ್ಮನನ್ನು ನೋಡಿ ಹುಬ್ಬು ಮೇಲೇರಿತು. ಚಿಕ್ಕಮ್ಮ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಾಗಿಲ ಕಡೆಯ ಕುರ್ಚಿ ನೋಡಿ ಕೂತಳು.

ಯಜಮಾನರು ಮೇಜಿನ ಮೇಲೆ ಕಾಗದವೊಂದನ್ನು ಇಟ್ಟರು. ಅದೇ ಚಿತ್ರ, ಎರಡು ಉತ್ತರಗಳು ಅಕ್ಕಪಕ್ಕ.

“ನೋಡಮ್ಮ. ನೀನು ‘ನಾವು, ನಮ್ಮ ತಂಡ’ ಅಂತ ಬರೀತಿದ್ದೆಯಲ್ಲ, ಅಲ್ಲಿ ಯಾರೂ ಇಲ್ಲ, ನೀನೊಬ್ಬಳೇ ಅಂತ ನನಗೆ ಮೊದಲನೇ ದಿನದಿಂದ ಗೊತ್ತಿತ್ತು. ಬಟ್ಟೆ ಒಗೆಯೋ ಮಿಷನ್ ಸದ್ದು ಫೋನಲ್ಲಿ ಕೇಳ್ತಿತ್ತು. ಅದಕ್ಕೇ ನಿನಗೆ ಕೆಲಸ ಕೊಟ್ಟೆ. ಒಬ್ಬರ ಕೈಯಲ್ಲಿದ್ರೆ ಕೆಲಸ ನೆಟ್ಟಗಿರುತ್ತೆ ಅಂತ.”

ಮೊಂಡಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾರನ್ನು ನಂಬಿಸಲು ಆರು ವರ್ಷ ಕುರ್ಚಿ ಬದಲಾಯಿಸಿದ್ದಳೋ ಅವರು ಒಂದು ದಿನವೂ ನಂಬಿರಲಿಲ್ಲ. ತಂಡ ಇಲ್ಲದಾಗ ಇದೆ ಎಂದಳು, ಅವರು ಇಲ್ಲದ್ದನ್ನೇ ಮೆಚ್ಚಿದರು. ಈಗ ನಿಜವಾಗಿ ಇದೆ, ಅದು ಬೇಡವಂತೆ.

ಯಜಮಾನರು ಬೆರಳಿನಿಂದ ಮೊದಲನೆಯ ಉತ್ತರವನ್ನು ಕುಟ್ಟಿದರು. “ಇದು ನಿನ್ನ ಕೈ. ‘ಬಕೆಟ್ ಇಟ್ಟಿದ್ದೀರಾ, ನಾನು ಇಲ್ಲೇ ಇರ್ತೀನಿ.’ ಇಂಥಾ ಮಾತು ಬೇರೆ ಯಾರಿಗೂ ಬರಲ್ಲ. ಓದಿದ ತಕ್ಷಣ ಗೊತ್ತಾಯ್ತು, ಇದು ನನ್ನ ನಲ್ಲಿಮಾವ.” ಬೆರಳು ಎರಡನೆಯದಕ್ಕೆ ಹೋಯಿತು. “ಇದು ಯಾರೋ ಬಾಡಿಗೆಯವರದ್ದು. ನಲ್ಲಿಯ ಕಣ್ಣೀರಂತೆ! ಮಾತಿನ ಮಲ್ಲರು. ಇದನ್ನ ಬರೆದವರನ್ನ ಮೊದಲು ಮನೆಗೆ ಕಳಿಸು. ಉಳಿದವರನ್ನೂ ಕಳಿಸು. ಅಂಗಡಿ ಮುಚ್ಚು. ಇಲ್ಲೇ ನನ್ನ ಪಕ್ಕದ ಕೋಣೆ ಬಿಟ್ಟುಕೊಡ್ತೀನಿ, ನೀನೊಬ್ಬಳೇ ಕೂತು ನನ್ನ ಕೆಲಸ ಮಾಡು. ಆಗಲ್ಲ ಅಂದ್ರೆ ನನಗೆ ಬೇರೆ ದಾರಿ ಇದೆ.”

ಮೊಂಡಿ ಸುಮ್ಮನಿದ್ದರೆ ಸಾಕಿತ್ತು. ಬಾಯಿ ಮುಚ್ಚಿಕೊಂಡು ತಲೆಯಾಡಿಸಿದರೆ ಬಕೆಟ್ಟಿನ ಉತ್ತರ ಅವಳದಾಗುತ್ತಿತ್ತು, ನಲ್ಲಿಮಾವ ಅವಳವನಾಗಿಯೇ ಉಳಿಯುತ್ತಿದ್ದ, ತಿದ್ದಲು ಇನ್ನು ಯಾರ ಕೈಯೂ ಅಡ್ಡ ಇರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಒಂದು ಗಳಿಗೆ ಅವಳಿಗೆ ಆ ಪಕ್ಕದ ಕೋಣೆಯ ಆಸೆಯಾಯಿತು. ಮನುಷ್ಯಳು ತಾನೇ. ಅವಳು ಚಿಕ್ಕಮ್ಮನ ಕಡೆ ನೋಡಿದಳು. ಚಿಕ್ಕಮ್ಮ ಗೋಡೆಯ ಮೇಲಿನ ನಲ್ಲಿಗಳನ್ನು ನೋಡುತ್ತಾ ಕೂತಿದ್ದಳು. ಬಾಯಿ ಬಿಡುವ ಲಕ್ಷಣವೇ ಇರಲಿಲ್ಲ, ಯಾರನ್ನೂ ಬಿಟ್ಟುಕೊಡುವ ಜಾಯಮಾನದವಳಲ್ಲ.

ಅದನ್ನು ನೋಡಿ ಮೊಂಡಿಗೆ ಸಿಟ್ಟು ಬಂತು. ಯಜಮಾನರ ಮೇಲೆ, ತನ್ನ ಮೇಲೆ, ನೀರಿಲ್ಲದ ಆ ನೂರಾರು ನಲ್ಲಿಗಳ ಮೇಲೆ.

“ಎರಡನೆಯದು ನಾನು ಬರೆದದ್ದು,” ಎಂದಳು.

ಯಜಮಾನರು ನಕ್ಕರು. “ತಮಾಷೆ ಬೇಡ.”

“ತಮಾಷೆ ಅಲ್ಲ. ಆ ಬಾಡಿಗೆಯವಳು ನಾನೇ. ನಲ್ಲಿಯ ಕಣ್ಣೀರು ನಂದೇ. ಬಕೆಟ್ ಇಟ್ಟಿದ್ದೀರಾ ಅಂದೋರು ಇಗೋ, ಇಲ್ಲಿ ಕೂತಿದ್ದಾರೆ. ಅವರು ಬರೆದ ಚಿನ್ನದಂಥ ಉತ್ತರಾನ ನಾನು ಹೊಟ್ಟೆಕಿಚ್ಚಿಗೆ ತಿದ್ದಿ ಕೆಡಿಸಿದೆ. ಒಂದಲ್ಲ, ನಲವತ್ತಮೂರು. ಈಗ ಹೇಳಿ, ಯಾರನ್ನ ಮನೆಗೆ ಕಳಿಸ್ಲಿ?”

ಯಜಮಾನರು ಕಾಗದವನ್ನು ಎತ್ತಿಕೊಂಡು ಎರಡನ್ನೂ ಇನ್ನೊಮ್ಮೆ ಓದಿದರು. ಆಮೇಲೆ ಚಿಕ್ಕಮ್ಮನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

“ನೀವಾ?”

“ಹೂಂ.”

“ಎಲ್ಲಿ ಕಲಿತ್ರಿ ಇದನ್ನ?”

“ಕಲಿಯೋದೇನು ಬಂತು? ನೀರು ಬೀಳ್ತಾ ಇರೋವಾಗ ಮನುಷ್ಯ ಮಾತು ಕೇಳಲ್ಲ. ಮೊದಲು ಬಕೆಟ್ ಇಡಿಸ್ಬೇಕು, ಆಮೇಲೆ ಮಾತು.”

ಯಜಮಾನರು ವ್ಯಾಪಾರಸ್ಥರು. ಕಲ್ಲು ಒಂದು ಕಡೆ ಅಲುಗದಿದ್ದರೆ ಇನ್ನೊಂದು ಕಡೆಯಿಂದ ಎತ್ತುವವರು. “ಹಾಗಾದ್ರೆ ಪಕ್ಕದ ಕೋಣೆಗೆ ನೀವೇ ಬನ್ನಿ,” ಎಂದರು. “ಇವಳು ಇವಳ ದಾರಿ ನೋಡ್ಕೊಳ್ಳಲಿ.”

ಚಿಕ್ಕಮ್ಮ ಹೋಗಲಿ ಎಂದು ಮೊಂಡಿಯ ಒಂದು ಮನಸ್ಸು ಹೇಳಿತು, ಅವಳಿಗೆ ತಾನು ಮಾಡಿದ ಅನ್ಯಾಯಕ್ಕೆ ಅವಳು ಹೋದರೂ ಕೇಳುವ ಹಾಗಿಲ್ಲ.

ಚಿಕ್ಕಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. “ಮೂವತ್ತೊಂದು ವರ್ಷ ಒಂದು ಕೋಣೆಯಲ್ಲಿ ನಾನು, ಫೋನು ಇಬ್ಬರೇ ಕೂತಿದ್ವಿ. ನಾನು ಒಳ್ಳೆ ಮಾತು ಹೇಳಿದ್ರೆ ಹೌದು ಅನ್ನೋಕೆ, ತಪ್ಪು ಹೇಳಿದ್ರೆ ಅಲ್ಲ ಅನ್ನೋಕೆ ಒಂದು ನರಪಿಳ್ಳೆ ಇರ್ಲಿಲ್ಲ. ಇವಳು ತಿದ್ದಿದ್ದು ತಪ್ಪೇ. ಅದನ್ನ ಮನೆಗೆ ಹೋಗಿ ನಾನು ನೋಡ್ಕೋತೀನಿ. ಆದ್ರೆ ನಾನು ಬರೆದದ್ದನ್ನ ನಲವತ್ತಮೂರು ಸಲ ಕೂತು ಓದಿದವಳೂ ಇವಳೊಬ್ಬಳೇ. ನಿಮ್ಮ ಪಕ್ಕದ ಕೋಣೆ ನಿಮಗೇ ಇರ್ಲಿ.”

ಮೊಂಡಿಗೆ ಕಣ್ಣು ತುಂಬಿತು. ಒರೆಸಿಕೊಳ್ಳದೆ ಹಾಗೇ ಎದ್ದು ನಿಂತಳು.

“ಇವರೊಬ್ಬರೇ ಅಲ್ಲ ಯಜಮಾನ್ರೇ, ಇನ್ನಿಬ್ಬರಿದ್ದಾರೆ. ನಾವು ನಾಲ್ಕು ಜನ. ಕೊಟ್ಟರೆ ನಾಲ್ಕು ಜನಕ್ಕೂ ಕೊಡಿ, ತೆಗೆದರೆ ನಾಲ್ಕು ಜನದಿಂದಲೂ ತೆಗೀರಿ. ಬಿಡಿ ಬಿಡಿಯಾಗಿ ನಾವು ಸಿಗಲ್ಲ.”

ಯಜಮಾನರು ಒಂದು ಮೆಟ್ಟಿಲು ಇಳಿದರು. “ಸರಿ, ಯಾರು ಬೇಕಾದ್ರೂ ಬರೀಲಿ. ಆದ್ರೆ ಹೊರಗೆ ಹೋಗೋ ಮೊದಲು ಒಂದೊಂದು ಉತ್ತರಾನೂ ನೀನು ನೋಡಿ, ತಿದ್ದಿ ಕಳಿಸ್ಬೇಕು. ಜವಾಬ್ದಾರಿ ನಿಂದು. ಅಷ್ಟು ಮಾತು ಕೊಡು, ಕೆಲಸ ಮುಂದುವರಿಸು.”

ಒಂದು ವಾರದ ಹಿಂದೆ ಈ ಮಾತು ಕೇಳಿದ್ದರೆ ಅವಳು ಕುಣಿದಾಡುತ್ತಿದ್ದಳು. ಕದ್ದು ಮಾಡುತ್ತಿದ್ದ ಕೆಲಸವನ್ನು ಯಜಮಾನರೇ ಕೈಯೆತ್ತಿ ಕೊಡುತ್ತಿದ್ದರು.

“ಜವಾಬ್ದಾರಿ ನಂದೇ. ತಿದ್ದೋದು ಮಾತ್ರ ಆಗಲ್ಲ.”

“ಏನಂದೆ?”

“ತಿದ್ದಲ್ಲ ಅಂದೆ. ಅವರು ಬರೆದದ್ದು ಅವರು ಬರೆದ ಹಾಗೇ ಹೋಗುತ್ತೆ. ಬೇಕಾದ್ರೆ ಇಟ್ಕೊಳ್ಳಿ, ಬೇಡವಾದ್ರೆ ಬಿಡಿ.” ನಮಸ್ಕಾರ ಮಾಡಿ ಚಿಕ್ಕಮ್ಮನ ಚೀಲವನ್ನೂ ತಾನೇ ಎತ್ತಿಕೊಂಡು ಹೊರಟಳು. ಕಾರ್ಖಾನೆಯ ಗೇಟು ದಾಟಿದ ಮೇಲೆ ಚೀಲಗಳನ್ನು ನೆಲಕ್ಕಿಳಿಸಿ ನಿಂತಳು. ಚಿಕ್ಕಮ್ಮ ರಟ್ಟೆ ಹಿಡಿದುಕೊಂಡಳು.

“ಜಗಮೊಂಡಿ,” ಎಂದಳು. ಬೈಗುಳದ ಹಾಗೆ ಕೇಳಿಸಲಿಲ್ಲ.

ಆ ದಿನ ಯಜಮಾನರಿಂದ ಸುದ್ದಿಯಿಲ್ಲ. ಮರುದಿನವೂ ಇಲ್ಲ. ಮೊಂಡಿ ನಡೆದದ್ದನ್ನೆಲ್ಲ ಇಬ್ಬರಿಗೂ ಬಿಡಿಸಿ ಹೇಳಿದಳು, ಕೆಲಸ ಕೈಬಿಟ್ಟರೂ ಬಿಡಬಹುದು ಎಂದೂ ಹೇಳಿದಳು. ಡಿಸೈನರ್ ಮುಖ ಊದಿಸಿಕೊಂಡೇ ಇದ್ದಳು, ಆದರೆ ಊಟಕ್ಕೆ ಏಳುವಾಗ ಕಂಪ್ಯೂಟರನ್ನು ಮುಚ್ಚದೆ ಹಾಗೇ ತೆರೆದಿಟ್ಟು ಹೋದಳು. ಪರದೆಯ ಮೇಲೆ ನೀಲಿ ಬಣ್ಣದ ಪೋಸ್ಟರೊಂದಿತ್ತು. ಮೊಂಡಿ ಅದನ್ನು ದೂರದಿಂದ ನೋಡಿದಳು. ನೀಲಿ ಇನ್ನೂ ಸ್ವಲ್ಪ ಬೇಕಿತ್ತು ಎಂದು ಈಗಲೂ ಅನಿಸಿತು. ಎದ್ದು ಹೋಗಿ ಕೆಳಗಿನ ಹೊಲಿಗೆ ಅಂಗಡಿಯವನಿಂದ ಒಂದು ಮರದ ಚೂರು ಕೇಳಿ ತಂದು, ತನ್ನ ಕುರ್ಚಿಯ ಗಿಡ್ಡ ಕಾಲಿಗೆ ಕೊಟ್ಟಳು. ಕುರ್ಚಿ ಮೊದಲ ಬಾರಿಗೆ ನೆಟ್ಟಗೆ ನಿಂತಿತು.

ಮೂರನೆಯ ದಿನ ಹನ್ನೊಂದು ಗಂಟೆಯ ಸುಮಾರಿಗೆ ಚಿಕ್ಕಮ್ಮ, “ಇಲ್ಲಿ ನೋಡ್ರೇ,” ಎಂದಳು.

ಯಜಮಾನರು ತಮ್ಮದೇ ಹೆಸರಿನಲ್ಲಿ, ತಮ್ಮದೇ ಫೋಟೋ ಇಟ್ಟುಕೊಂಡು, ಊರೆಲ್ಲ ನೋಡುವ ಹಾಗೆ ಪುಟದಲ್ಲಿ ಬರೆದಿದ್ದರು: ‘ನಮ್ಮ ಮನೆಯ ಅಡುಗೆಮನೆ ನಲ್ಲಿ ಬೆಳಗ್ಗೆಯಿಂದ ಸೋರುತ್ತಿದೆ. ನಾನೇ ಮಾಡಿಸಿದ ನಲ್ಲಿ. ನಲ್ಲಿಮಾವ ಇದ್ದರೆ ಉತ್ತರ ಕೊಡಲಿ.’

ಜಾಹೀರಾತಿನವನು ಎದ್ದು ಬಂದು ನೋಡಿ, “ಇದು ಪರೀಕ್ಷೆ,” ಎಂದ. ಡಿಸೈನರ್ ಉಗುರು ಕಚ್ಚಿದಳು. ಜನ ಆಗಲೇ ಕೆಳಗೆ ನಗುಮುಖಗಳನ್ನು ಹಾಕುತ್ತಿದ್ದರು. ಕೊನೆಗೆ ಡಿಸೈನರೇ, ಬಯ್ದಿದ್ದವಳೇ, ಮೊಂಡಿಯ ಕಡೆ ತಿರುಗಿ ಹೇಳಿದಳು: “ಇದೊಂದು ಸಲ ನೀವೇ ಬರೆದುಬಿಡಿ. ಇದೊಂದೇ ಸಲ.”

ಚಿಕ್ಕಮ್ಮನೂ ಕುರ್ಚಿಯಿಂದ ಅರ್ಧ ಎದ್ದಳು. “ಹೂಂ ಕಣೇ. ನಾನು ಏನಾದ್ರೂ ಎಡವಟ್ಟು ಬರೆದ್ರೆ ಎಲ್ಲರಿಗೂ ತೊಂದರೆ.”

ಎಲ್ಲರೂ ತನ್ನನ್ನೇ ನೋಡುತ್ತಿದ್ದಾಗ ಮೊಂಡಿಗೆ ಕೈಯಲ್ಲಿ ಇರುವೆ ಹರಿದ ಹಾಗಾಯಿತು. ತಲೆಯಲ್ಲಿ ಆಗಲೇ ಮೂರು ಉತ್ತರಗಳು ಸಾಲುಗಟ್ಟಿ ನಿಂತಿದ್ದವು, ಒಂದಕ್ಕಿಂತ ಒಂದು ಚೂಪು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಅದರ ಮೇಲೆ ಭಾರ ಬಿಟ್ಟು ಕೂತಳು.

“ಕೂತ್ಕೋ ಚಿಕ್ಕಮ್ಮ. ಅದು ನಿನ್ನ ಕುರ್ಚಿ. ಬರಿ. ಎಡವಟ್ಟಾದ್ರೆ ನಾವು ಬರೆದ ಎಡವಟ್ಟು, ಎಲ್ಲರೂ ಸೇರಿ ಬೈಸ್ಕೊಳ್ಳೋಣ.”

ಚಿಕ್ಕಮ್ಮ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಪೆಟ್ಟಿಗೆಯಿಂದ ಪೆನ್ಸಿಲು ತೆಗೆದು ನೋಟುಪುಸ್ತಕದಲ್ಲಿ ಬರೆದಳು. ಒಂದು ಪದ ಹೊಡೆದು ಹಾಕಿದಳು. ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ ಟೈಪು ಮಾಡಿದಳು. ಮೂವರೂ ಪರದೆಯನ್ನೇ ನೋಡುತ್ತಿದ್ದರು.

‘ನಲ್ಲಿಗೆ ಯಜಮಾನರ ಗುರುತು ಇರಲ್ಲ, ಎಲ್ಲರ ಮನೆಯಲ್ಲೂ ಸೋರುತ್ತೆ. ಕೆಳಗೆ ಬಕೆಟ್ ಇಟ್ಟಿದ್ದೀರಾ? ಇಟ್ಟು ಬನ್ನಿ. ನಾನು ಇಲ್ಲೇ ಇರ್ತೀನಿ.’

ಮೊದ‌ಲನೆಯ ವಾಕ್ಯವನ್ನು ಮೊಂಡಿ ಎರಡು ಸಲ ಓದಿದಳು. ಅವಳಾಗಿದ್ದರೆ ಅದನ್ನು ಕಿತ್ತು ಹಾಕುತ್ತಿದ್ದಳು. ಊರೆಲ್ಲರ ಎದುರು, ಕೆಲಸ ಕೊಡುವ ಮನುಷ್ಯನಿಗೆ! ನಾಲಿಗೆಯ ತುದಿಯವರೆಗೆ ಬಂದ ಮಾತನ್ನು ಹಲ್ಲು ಕಚ್ಚಿ ಹಿಡಿದಳು. ಚಿಕ್ಕಮ್ಮ ಗುಂಡಿ ಒತ್ತಿದಳು. ಉತ್ತರ ಹೋಯಿತು.

ಐದು ನಿಮಿಷ. ಹತ್ತು ನಿಮಿಷ. ಕೆಳಗಿನ ಮಿಷನ್ನುಗಳೂ ಯಾಕೋ ನಿಂತಿದ್ದವು. ಜಾಹೀರಾತಿನವನು ನೀರು ಕುಡಿಯಲು ಲೋಟ ಎತ್ತಿದವನು ಕುಡಿಯದೆ ಹಾಗೇ ಹಿಡಿದುಕೊಂಡಿದ್ದ. ಹನ್ನೆರಡನೆಯ ನಿಮಿಷಕ್ಕೆ ಪರದೆಯ ಮೇಲೆ ಯಜಮಾನರ ಫೋಟೋ ಮತ್ತೆ ಕಾಣಿಸಿತು.

‘ಇಟ್ಟು ಬಂದೆ, ಮಾವ. ಮುಂದೇನು ಹೇಳಿ. ಇನ್ನು ಮೇಲೂ ನೀವೇ ಹೇಳಬೇಕು.’

ಡಿಸೈನರ್ ಕಿಟಾರನೆ ಕಿರುಚಿ ಜಾಹೀರಾತಿನವನ ಬೆನ್ನಿಗೆ ಗುದ್ದಿದಳು, ಲೋಟದ ನೀರೆಲ್ಲ ಮೇಜಿನ ಮೇಲೆ ಚೆಲ್ಲಿತು. ಮೊಂಡಿ ತೊಡೆಯ ಕೆಳಗಿನಿಂದ ಕೈಗಳನ್ನು ಎಳೆದುಕೊಂಡಳು. ಎರಡೂ ಜೋಮು ಹಿಡಿದು ಹೋಗಿದ್ದವು, ಬಟ್ಟೆ ತಂದು ನೀರು ಒರೆಸಲೂ ಆಗದಷ್ಟು.

ಚಿಕ್ಕಮ್ಮ ಪೆನ್ಸಿಲು ಹಿಡಿದುಕೊಂಡು ಅವಳ ಕಡೆ ತಿರುಗಿದಳು. “ಮುಂದೇನು ಬರೀಲೇ?”

“ನನ್ನನ್ನ ಕೇಳ್ಬೇಡ,” ಎಂದಳು ಮೊಂಡಿ.